ಬಾಟ್‌ಗೆ ವಿಳಾಸ ಕಲಿಸುವುದು: ಮೊದಲು ಪಿನ್ ಕೇಳಿ, ಮ್ಯಾಪ್ ಆಮೇಲೆ

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆಯಲ್ಲೇ ಹುರಿದು ಪುಡಿ ಮಾಡಿ ವಾಟ್ಸಾಪ್‌ನಲ್ಲಿ ಮಾರುತ್ತೇವೆ, ಜೊತೆಗೆ ಕರಿಮೆಣಸು, ಜೇನು. ಆರ್ಡರ್ ತೆಗೆದುಕೊಳ್ಳಲು ತಮ್ಮನ ಮಗ ಒಂದು ಚಾಟ್‌ಬಾಟ್ ಮಾಡಿಕೊಟ್ಟಿದ್ದಾನೆ. ಎಲ್ಲ ಸರಿ ಇದೆ, ವಿಳಾಸದ ಹತ್ತಿರ ಬಂದಾಗ ಮಾತ್ರ ಕೆಡುತ್ತದೆ. ಜನ ಏನೇನೋ ಬರೆಯುತ್ತಾರೆ, ಪಾರ್ಸಲ್ ವಾಪಸ್ ಬರುತ್ತದೆ. ವಿಳಾಸ ಹುಡುಕಿಕೊಡುವ ಸರ್ವಿಸ್ ಒಂದನ್ನು ಬಾಟ್‌ಗೆ ಜೋಡಿಸೋಣ ಅಂತ ಅವನು ಹೇಳುತ್ತಾನೆ. ಯಾವುದನ್ನು ಜೋಡಿಸಬೇಕು, ಹೇಗೆ? ಗೂಗಲ್‌ನದ್ದಾದರೆ ದುಡ್ಡು ಜಾಸ್ತಿ ಆಗುತ್ತದಾ?

ಉತ್ತರ: ಜೋಡಿಸಿ. ಆದರೆ ಮ್ಯಾಪ್‌ನಿಂದ ಶುರು ಮಾಡಬೇಡಿ, ಪಿನ್ ಕೋಡ್‌ನಿಂದ ಶುರು ಮಾಡಿ. ಹೇಳಬೇಕಾದದ್ದು ಇಷ್ಟೇ. ಯಾಕೆ ಹಾಗೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಮೊದಲು ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಗೆ ಇಂಥದ್ದೇ ಬಾಟ್ ಮಾಡಿಕೊಟ್ಟಿದ್ದೆ. ಅವರು ಮನೆಯಲ್ಲಿ ಮಾಡಿದ ಚಾಕೊಲೇಟ್ ಮಾರುತ್ತಿದ್ದರು. ಗಿರಾಕಿ ಊರಿನ ಹೆಸರು ಬರೆದರೆ ಸಾಕು, ಬಾಟ್ ಅದನ್ನು ಮ್ಯಾಪ್ ಸರ್ವಿಸ್‌ಗೆ ಕಳಿಸಿ, ಬಂದ ಮೊದಲ ಉತ್ತರವನ್ನೇ ವಿಳಾಸ ಅಂತ ಬರೆದುಕೊಳ್ಳುತ್ತಿತ್ತು. ನೋಡಲು ಬಹಳ ಚಂದ ಇತ್ತು, ನಾನೂ ಬೀಗಿದ್ದೆ. ಒಂದು ದಿನ ಬೆಂಗಳೂರಿನ ಒಬ್ಬ ಹುಡುಗಿ ಅಮ್ಮನ ಹುಟ್ಟುಹಬ್ಬಕ್ಕೆ ಒಂದು ಡಬ್ಬಿ ಆರ್ಡರ್ ಮಾಡಿ, ಊರು ‘ಸಿದ್ದಾಪುರ’ ಅಂತ ಬರೆದಳು. ಅವಳ ಲೆಕ್ಕದಲ್ಲಿ ಸಿದ್ದಾಪುರ ಅಂದರೆ ನೆಲ್ಯಹುದಿಕೇರಿಯಿಂದ ಕಾವೇರಿ ದಾಟಿದರೆ ಸಿಗುವ ನಮ್ಮ ಸಿದ್ದಾಪುರ. ಬಾಟ್‌ನ ಲೆಕ್ಕದಲ್ಲಿ ಅದು ಉತ್ತರ ಕನ್ನಡದ ಸಿದ್ದಾಪುರ. ಉಡುಪಿ ಜಿಲ್ಲೆಯಲ್ಲೂ ಒಂದು ಸಿದ್ದಾಪುರ ಇದೆ, ಪುಣ್ಯಕ್ಕೆ ಅಲ್ಲಿಗೂ ಹೋಗಲಿಲ್ಲ. ಎರಡು ವಾರ ಸುತ್ತಾಡಿ ಡಬ್ಬಿ ವಾಪಸ್ ಬಂದಾಗ ಒಳಗಿದ್ದದ್ದು ಚಾಕೊಲೇಟ್ ಅಲ್ಲ, ಪಾಯಸ. ತಪ್ಪು ಮ್ಯಾಪ್‌ನದ್ದಲ್ಲ, ನನ್ನದು. ಅದು ಮೂರು ಉತ್ತರ ಕೊಟ್ಟಿತ್ತು. ನಾನು ಗಿರಾಕಿಯನ್ನು ಕೇಳದೆ ಮೊದಲನೆಯದನ್ನು ಎತ್ತಿಕೊಂಡಿದ್ದೆ.

ನಮ್ಮ ಸಿದ್ದಾಪುರದ ಪಿನ್ 571253. ಉತ್ತರ ಕನ್ನಡದ್ದು 581355. ಆ ಹುಡುಗಿಯನ್ನು ಪಿನ್ ಒಂದು ಕೇಳಿದ್ದರೆ ಮುಗಿದಿತ್ತು.

ಪಿನ್ ಹುಟ್ಟಿದ್ದೇ ಈ ಕಾರಣಕ್ಕೆ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ಅದರ ಹಿಂದೆ ಇದ್ದವರು ಶ್ರೀರಾಮ್ ಭಿಕಾಜಿ ವೇಲಣಕರ್, ಕೇಂದ್ರ ಸರ್ಕಾರದ ಅಧಿಕಾರಿ, ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದ ಮನುಷ್ಯ. ಒಂದೇ ಹೆಸರಿನ ಹತ್ತಾರು ಊರುಗಳು, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಬರೆಯುವ ವಿಳಾಸ, ಇವೆರಡರ ನಡುವೆ ಕಾಗದಗಳು ದಾರಿ ತಪ್ಪುತ್ತಿದ್ದವು. ಐವತ್ತು ವರ್ಷದ ಹಿಂದೆ ಅಂಚೆಯವರಿಗೆ ಇದ್ದ ತಲೆನೋವೇ ಈಗ ನಿಮ್ಮ ಬಾಟ್‌ಗೆ ಬಂದಿದೆ, ಅಷ್ಟೇ.

ಪಿನ್‌ನ ಆರು ಅಂಕಿಯಲ್ಲಿ ಮೊದಲನೆಯದು ವಲಯ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲೆರಡು ಅಂಕಿ 56ರಿಂದ 59ರ ಒಳಗಿದ್ದರೆ ಕರ್ನಾಟಕ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಇಲ್ಲಿ ಒಂದು ಎಚ್ಚರ. 571 ಅಂದ ತಕ್ಷಣ ಕೊಡಗು ಅಂತ ತಿಳಿಯಬೇಡಿ. ಮಂಡ್ಯ, ಚಾಮರಾಜನಗರ, ಮೈಸೂರಿನ ತಾಲ್ಲೂಕುಗಳು ಕೂಡ 571ರಲ್ಲೇ ಇವೆ. ‘571 ಇದ್ದರೆ ಲೋಕಲ್ ಡೆಲಿವರಿ’ ಅಂತ ಕೋಡ್ ಬರೆದವರನ್ನು ನಾನು ನೋಡಿದ್ದೇನೆ. ಅವರ ಹುಡುಗ ಬೈಕಿನಲ್ಲಿ ಮಳವಳ್ಳಿಗೆ ಹೋಗಬೇಕಾಗುತ್ತಿತ್ತು.

ಈ ಪಿನ್ ಪಟ್ಟಿಗೆ ನೀವು ಯಾರಿಗೂ ದುಡ್ಡು ಕೊಡಬೇಕಿಲ್ಲ. ದೇಶದ ಎಲ್ಲ ಪಿನ್ ಮತ್ತು ಅಂಚೆ ಕಚೇರಿಗಳ ಪಟ್ಟಿ ಭಾರತ ಸರ್ಕಾರದ ಓಪನ್ ಡೇಟಾ ತಾಣದಲ್ಲಿ ಸಿಗುತ್ತದೆ. ಪಿನ್‌ಗಳು ಸುಮಾರು 19 ಸಾವಿರ, ಅಂಚೆ ಕಚೇರಿಗಳು 1.5 ಲಕ್ಷಕ್ಕೂ ಜಾಸ್ತಿ. ಕೇಳಲು ದೊಡ್ಡದು, ಆದರೆ ಕಂಪ್ಯೂಟರ್‌ಗೆ ಅದೇನೂ ಅಲ್ಲ, ಕೆಲವೇ ಎಂಬಿಯ ಫೈಲ್. ಅದನ್ನು ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ. ಪಿನ್ ಹುಡುಕಲು ಹೊರಗಿನ ಸರ್ವಿಸ್‌ಗೆ ಕೈ ಚಾಚುವ ಅಗತ್ಯವೇ ಇಲ್ಲ. ಉಚಿತವಾಗಿ ಪಿನ್ ಹುಡುಕಿಕೊಡುವ ಖಾಸಗಿ ಸರ್ವಿಸ್‌ಗಳೂ ಇವೆ, ಆದರೆ ಅವು ಯಾವಾಗ ಮಲಗುತ್ತವೆ ಅಂತ ಹೇಳಲಾಗದು.

ಹಾಗಂತ ಆ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ತಾಲ್ಲೂಕಿನ ಕಾಲಂ ಹಳೆಯದಿರಬಹುದು. ಕೊಡಗಿನಲ್ಲಿ ಮೊದಲು ಮೂರೇ ತಾಲ್ಲೂಕು ಇದ್ದವು, ಈಗ ಕುಶಾಲನಗರ, ಪೊನ್ನಂಪೇಟೆ ಸೇರಿ ಐದು. ಹಳೆಯ ಪಟ್ಟಿಗಳಲ್ಲಿ ಪೊನ್ನಂಪೇಟೆ ಇನ್ನೂ ವಿರಾಜಪೇಟೆ ತಾಲ್ಲೂಕಿನಲ್ಲೇ ಕೂತಿರುತ್ತದೆ. ಹಾಗಾಗಿ ತಾಲ್ಲೂಕು ಕೇಳುವ ಗೋಜಿಗೇ ಹೋಗಬೇಡಿ. ಪಿನ್ ಸರಿ ಇದ್ದರೆ ಪಾರ್ಸಲ್‌ಗೆ ತಾಲ್ಲೂಕಿನ ಹಂಗಿಲ್ಲ.

ಇನ್ನು ಗಿರಾಕಿ ಪಿನ್ ಬರೆಯುವ ರೀತಿ. ಒಬ್ಬರು 571201 ಅಂತ ಬರೆಯುತ್ತಾರೆ, ಇನ್ನೊಬ್ಬರು 571 201 ಅಂತ ನಡುವೆ ಜಾಗ ಬಿಡುತ್ತಾರೆ, ಹಿರಿಯರು ಕೆಲವರು ೫೭೧೨೦೧ ಅಂತ ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ. ಮೂರೂ ಒಂದೇ ಅಂತ ಬಾಟ್‌ಗೆ ಗೊತ್ತಿರಬೇಕು ಅಲ್ವಾ? ಪೈಥಾನ್‌ನಲ್ಲಿ ಅಂಕಿ ಹುಡುಕುವ ಸಾಮಾನ್ಯ ಪ್ಯಾಟರ್ನ್ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿಯುವುದಿಲ್ಲ. ನಿಮ್ಮ ತಮ್ಮನ ಮಗ ಯಾವುದರಲ್ಲಿ ಬರೆದಿದ್ದಾನೋ ನೋಡಿ, ಬೇಕಿದ್ದರೆ ಮೊದಲು ಕನ್ನಡ ಅಂಕಿಯನ್ನು ಬದಲಿಸಿಕೊಳ್ಳಲಿ. ಇನ್ನೊಂದು ಹಳ್ಳ ಇದೆ, ಎಲ್ಲರೂ ಒಂದು ಸಲ ಬೀಳುವುದು. ಗಿರಾಕಿ ವಿಳಾಸದ ಜೊತೆ ಮೊಬೈಲ್ ನಂಬರ್ ಕೂಡ ಬರೆದಿರುತ್ತಾರೆ. ‘ಆರು ಅಂಕಿ ಸಿಕ್ಕಿದರೆ ಅದೇ ಪಿನ್’ ಅಂತ ಬರೆದಿದ್ದರೆ ಬಾಟ್ ಮೊಬೈಲ್ ನಂಬರಿನ ಮೊದಲ ಆರು ಅಂಕಿಯನ್ನು ಪಿನ್ ಅಂತ ಹಿಡಿದುಬಿಡುತ್ತದೆ. ಹಿಂದೆ ಮುಂದೆ ಬೇರೆ ಅಂಕಿ ಇರಬಾರದು, ಮೊದಲ ಅಂಕಿ ಸೊನ್ನೆ ಆಗಿರಬಾರದು, ಸಿಕ್ಕಿದ ನಂಬರ್ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ಈ ಮೂರು ನೋಡಿದರೆ ಸಾಕು.

ಪಿನ್ ಸಿಕ್ಕಿತು. ಈಗ ಊರು. ಒಂದು ಪಿನ್ ಕೆಳಗೆ ಒಂದೇ ಊರು ಇರುವುದಿಲ್ಲ. ನಮ್ಮ ಕಡೆ ಒಂದು ಸಬ್ ಪೋಸ್ಟ್ ಆಫೀಸು, ಅದರ ಕೆಳಗೆ ಹಲವು ಬ್ರಾಂಚ್ ಪೋಸ್ಟ್ ಆಫೀಸು, ಎಲ್ಲದಕ್ಕೂ ಅದೇ ಪಿನ್. ಇದು ತೊಂದರೆ ಅನ್ನಿಸಬಹುದು, ನಿಜವಾಗಿ ಇದೇ ಅನುಕೂಲ. ಇಡೀ ದೇಶದಲ್ಲಿ ಒಂದು ಊರು ಹುಡುಕುವುದು ಕಷ್ಟ. ಹದಿನೈದು ಇಪ್ಪತ್ತು ಹೆಸರಿನಲ್ಲಿ ಒಂದನ್ನು ಹುಡುಕುವುದು ಮಕ್ಕಳಾಟ. ಗಿರಾಕಿ ಎಷ್ಟೇ ಅಡ್ಡಾದಿಡ್ಡಿ ಬರೆದರೂ ಅಷ್ಟು ಚಿಕ್ಕ ಪಟ್ಟಿಯಲ್ಲಿ ಸರಿಯಾದದ್ದು ಎದ್ದು ಕಾಣುತ್ತದೆ.

ಅಡ್ಡಾದಿಡ್ಡಿ ಅಂದರೆ ಎಷ್ಟು? ಸಿದ್ದಾಪುರ, ಸಿದ್ಧಾಪುರ, ಸಿದಾಪುರ. ವಿರಾಜಪೇಟೆ, ವೀರಾಜಪೇಟೆ, ವೀರರಾಜೇಂದ್ರಪೇಟೆ. ಗೋಣಿಕೊಪ್ಪ, ಗೋಣಿಕೊಪ್ಪಲು. ಹಳಬರು ಈಗಲೂ ಮರ್ಕೇರಾ ಅನ್ನುತ್ತಾರೆ, ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಅನ್ನುತ್ತಾರೆ. ಹೊರಗಿನವರಿಗೆ ಇಡೀ ಜಿಲ್ಲೆಯೇ ಕೂರ್ಗ್. ಅದರ ಮೇಲೆ ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ನಾನು ಮಾಡುವುದು ಹೀಗೆ. ಹೋಲಿಸುವ ಮೊದಲು ಹೆಸರಿನ ‘ಎಲುಬು’ ಮಾತ್ರ ಉಳಿಸಿಕೊಳ್ಳುತ್ತೇನೆ. ದೀರ್ಘವನ್ನು ಹ್ರಸ್ವ ಮಾಡುತ್ತೇನೆ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುತ್ತೇನೆ, ಒತ್ತು ಬಿಡುತ್ತೇನೆ. ಆಗ ಮೂರೂ ಸಿದ್ದಾಪುರ ‘ಸಿದಪುರ’ ಆಗಿ ಒಂದಾಗುತ್ತವೆ. ಮರ್ಕೇರಾ, ಫ್ರೇಜರ್‌ಪೇಟೆಯಂಥ ಪೂರ್ತಿ ಬೇರೆ ಹೆಸರುಗಳಿಗೆ ಒಂದು ಪರ್ಯಾಯ ಹೆಸರಿನ ಪಟ್ಟಿ ಕೈಯಲ್ಲೇ ಮಾಡಬೇಕು. ಸರ್ಕಾರಿ ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿ ಇರುವುದರಿಂದ ಕನ್ನಡ ಹೆಸರುಗಳನ್ನೂ ನೀವೇ ಸೇರಿಸಬೇಕು. ಕೊಡಗಿನ ಮಟ್ಟಿಗೆ ಇದು ಒಂದೆರಡು ಸಂಜೆಯ ಕೆಲಸ. ನಿಮ್ಮ ಪೋಸ್ಟ್‌ಮ್ಯಾನ್‌ಗೆ ಒಂದು ಲೋಟ ಒಳ್ಳೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಕಂಪನಿಯ ಹತ್ತಿರವೂ ಇಲ್ಲದ ಡೇಟಾ ಅವರ ತಲೆಯಲ್ಲಿ ಇರುತ್ತದೆ.

ಕನ್ನಡದ್ದೇ ಆದ ಒಂದು ಸೂಕ್ಷ್ಮ ಇದೆ, ಇದು ನನ್ನ ಎರಡು ದಿನ ತಿಂದಿತ್ತು. ‘ಕೊಡಗು’ ಪದದ ‘ಕೊ’ ಯುನಿಕೋಡ್‌ನಲ್ಲಿ ಎರಡು ರೀತಿ ಇರಬಹುದು. ಒತ್ವ ಒಂದೇ ಸಂಕೇತವಾಗಿ ಇರಬಹುದು, ಇಲ್ಲವೇ ಎತ್ವ ಮತ್ತು ಊ ದೀರ್ಘ ಅಂತ ಎರಡು ಸಂಕೇತ ಸೇರಿ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ ಪದ. ಬಂದ ಮೆಸೇಜನ್ನು ಮೊದಲು ಎನ್‌ಎಫ್‌ಸಿ ಅನ್ನುವ ರೂಪಕ್ಕೆ ತಂದುಕೊಂಡರೆ ಈ ಕಾಟ ಹೋಗುತ್ತದೆ, ಕೋಡ್‌ನಲ್ಲಿ ಒಂದು ಸಾಲು. ಹಾಗೆಯೇ ನಿಮ್ಮ ಹಳೆಯ ಗಿರಾಕಿಗಳ ಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿ ಇದ್ದರೆ ಅದನ್ನು ಯುನಿಕೋಡ್‌ಗೆ ಬದಲಿಸದೆ ಹೋಲಿಸಲು ಆಗುವುದೇ ಇಲ್ಲ.

ಈಗ ಮಾತುಕತೆ ಹೇಗಿರಬೇಕು ಅನ್ನುವುದು. ನಾನು ಈಗ ಇಡುವ ರೂಪ ಸುಮಾರು ಹೀಗೆ:

ಬಾಟ್: ಪಾರ್ಸಲ್ ತಲುಪಬೇಕಾದ ಜಾಗದ ಪಿನ್ ಕೋಡ್ ಬರೆಯಿರಿ. ಗೊತ್ತಿಲ್ಲದಿದ್ದರೆ ಊರು ಮತ್ತು ಜಿಲ್ಲೆ ಬರೆಯಿರಿ.

ಗಿರಾಕಿ: ೫೭೧ ೨೫೩

ಬಾಟ್: ಇದು ಕೊಡಗಿನ ಸಿದ್ದಾಪುರದ ಕಡೆಯದು. ನಿಮ್ಮ ಅಂಚೆ ಯಾವುದು? ಪಟ್ಟಿಯಿಂದ ಆರಿಸಿ, ಅಥವಾ ಹೆಸರು ಬರೆಯಿರಿ.

ಗಿರಾಕಿ ಆರಿಸುತ್ತಾರೆ.

ಬಾಟ್: ಮನೆ ಅಥವಾ ಎಸ್ಟೇಟ್ ಹೆಸರು, ಹತ್ತಿರದ ಗುರುತು ಬರೆಯಿರಿ. ನಿಮಗೆ ಹೇಗೆ ಹೇಳಿ ಅಭ್ಯಾಸವೋ ಹಾಗೆ.

ಕೊನೆಗೆ ಲೇಬಲ್ ಮೇಲೆ ಹೇಗೆ ಅಚ್ಚಾಗುತ್ತದೋ ಹಾಗೆಯೇ ಪೂರ್ತಿ ವಿಳಾಸ ತೋರಿಸಿ, ಕೆಳಗೆ ‘ಸರಿ ಇದೆ’, ‘ತಿದ್ದಬೇಕು’ ಅಂತ ಎರಡು ಬಟನ್. ಆ ‘ಸರಿ ಇದೆ’ ಒತ್ತದೆ ಯಾವ ಆರ್ಡರೂ ಮುಂದೆ ಹೋಗಬಾರದು. ಇದು ಕಡ್ಡಾಯ.

ಮೂರನೆಯ ಪ್ರಶ್ನೆ ಗಮನಿಸಿ. ಅಲ್ಲಿ ಬಂದದ್ದನ್ನು ಬಾಟ್ ಪರೀಕ್ಷೆ ಮಾಡಬಾರದು, ತಿದ್ದಲೂ ಬಾರದು. ನಗರದಲ್ಲಿ ಡೋರ್ ನಂಬರ್, ಕ್ರಾಸ್, ಮೇನ್ ಅಂತ ಇರುತ್ತದೆ. ನಮ್ಮಲ್ಲಿ ‘ಬಸ್ ಇಳಿದು ಅಂಗಡಿ ಪಕ್ಕದ ಮಣ್ಣು ದಾರಿಯಲ್ಲಿ ಎರಡನೇ ಗೇಟು’ ಅನ್ನುವುದೇ ವಿಳಾಸ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಯಲ್ಲಿ ಇರುವವರು ಎಸ್ಟೇಟ್ ಹೆಸರು ಬರೆದು, ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತಿರ ಕೊಡಿ ಅನ್ನುತ್ತಾರೆ. ಕೊಡವರಲ್ಲಿ ಮನೆತನದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಅದು ಹೆಸರಿನ ಭಾಗವೋ ಮನೆಯ ಹೆಸರೋ ಅಂತ ಬಾಟ್ ತಲೆ ಕೆಡಿಸಿಕೊಳ್ಳಲು ಹೋದರೆ ಎರಡನ್ನೂ ಹಾಳು ಮಾಡುತ್ತದೆ. ಹೆಸರು ಬೇರೆ ಪ್ರಶ್ನೆಯಲ್ಲಿ ಕೇಳಿ, ಬರೆದದ್ದನ್ನು ಹಾಗೇ ಲೇಬಲ್‌ಗೆ ಇಳಿಸಿ. ಯಂತ್ರ ನೋಡಬೇಕಾದದ್ದು ಪಿನ್ ಮತ್ತು ಅಂಚೆ ಮಾತ್ರ, ಉಳಿದದ್ದು ಕೊಡುವ ಮನುಷ್ಯನಿಗೆ.

ವಾಟ್ಸಾಪ್‌ಗೂ ತನ್ನದೇ ಕಟ್ಟುಪಾಡು ಇದೆ. ಬಟನ್ ಹಾಕಿದರೆ ಮೂರೇ ಹಾಕಬಹುದು. ಪಟ್ಟಿ ಹಾಕಿದರೆ ಹತ್ತು ಸಾಲು. ಪಿನ್ ಕೆಳಗೆ ಹತ್ತಕ್ಕಿಂತ ಜಾಸ್ತಿ ಅಂಚೆ ಇದ್ದರೆ ಪಟ್ಟಿ ತೋರಿಸುವ ಬದಲು ಊರಿನ ಹೆಸರು ಬರೆಸಿಕೊಳ್ಳಿ, ಹತ್ತಿರದ ಮೂರನ್ನು ಬಟನ್ ಮಾಡಿ ತೋರಿಸಿ. ಪಟ್ಟಿಯ ಒಂದು ಸಾಲಿಗೆ 24 ಅಕ್ಷರದ ಮಿತಿ ಇದೆ. 24 ಧಾರಾಳ ಅನ್ನಿಸುತ್ತದೆ, ಆದರೆ ಅದು ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಸಂಕೇತವನ್ನು. ‘ಗೋಣಿಕೊಪ್ಪಲು’ ನಮಗೆ ಐದು ಅಕ್ಷರ, ಅದಕ್ಕೆ ಹನ್ನೊಂದು. ಊರು, ಅಂಚೆ, ಜಿಲ್ಲೆ ಎಲ್ಲ ಒಂದೇ ಸಾಲಿನಲ್ಲಿ ತುರುಕಿದರೆ ಮೆಸೇಜ್ ಹೋಗುವುದೇ ಇಲ್ಲ. ಸಾಲಿನ ಕೆಳಗೆ ವಿವರಣೆಗೆ ಬೇರೆ ಜಾಗ ಇದೆ, ಜಿಲ್ಲೆಯನ್ನು ಅಲ್ಲಿ ಹಾಕಿ.

ಭಾರತದ ನಂಬರ್‌ಗಳಿಗೆ ವಾಟ್ಸಾಪ್‌ನಲ್ಲಿ ವಿಳಾಸ ಕೇಳುವ ಸಿದ್ಧ ಫಾರಂ ಕೂಡ ಇದೆ. ಪಿನ್, ಮನೆ ನಂಬರ್, ಮಹಡಿ, ಟವರ್, ಕಟ್ಟಡ ಅಂತ ಖಾನೆಗಳು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗಿರಾಕಿಗಳಿಗೆ ಇದು ಚೆನ್ನಾಗಿದೆ, ಖಂಡಿತ ಬಳಸಿ. ನಮ್ಮ ಕಡೆ ಟವರ್ ಅಂದರೆ ಸಿಗ್ನಲ್ ಬರುವ ಟವರ್ ಒಂದೇ, ಅದೂ ಗುಡ್ಡದ ಆಚೆ.

ಇಷ್ಟೆಲ್ಲ ಆದ ಮೇಲೆ ಮ್ಯಾಪ್ ಸರ್ವಿಸ್ ಎಲ್ಲಿ ಬೇಕು? ಎರಡೇ ಕಡೆ. ಗಿರಾಕಿಗೆ ಪಿನ್ ಗೊತ್ತಿಲ್ಲದಾಗ, ಮತ್ತೆ ನೀವೇ ಗಾಡಿಯಲ್ಲಿ ಕೊಡಲು ಹೋಗುವಾಗ.

ನಿಮ್ಮ ತಮ್ಮನ ಮಗ ಬಹುಶಃ ಗೂಗಲ್‌ನ ಆಟೋಕಂಪ್ಲೀಟ್ ನೋಡಿ ಮನಸೋತಿರಬೇಕು. ಎರಡು ಅಕ್ಷರ ಬರೆದರೆ ಕೆಳಗೆ ಸಲಹೆಗಳು ಬರುತ್ತವಲ್ಲ, ಅದು. ವೆಬ್‌ಸೈಟಿನಲ್ಲಿ ಅದು ಬಹಳ ಒಳ್ಳೆಯದು. ಆದರೆ ವಾಟ್ಸಾಪ್‌ನಲ್ಲಿ ಗಿರಾಕಿ ಬರೆಯುತ್ತಿರುವುದು ನಿಮ್ಮ ಸರ್ವರ್‌ಗೆ ಕಾಣುವುದೇ ಇಲ್ಲ. ಬರೆದು ಮುಗಿಸಿ ಕಳಿಸಿದ ಮೇಲೆ ಪೂರ್ತಿ ಮೆಸೇಜ್ ಒಟ್ಟಿಗೆ ಬರುತ್ತದೆ. ಅಕ್ಷರ ಅಕ್ಷರಕ್ಕೆ ಸಲಹೆ ಕೊಡುವ ಜಾಗವೇ ಅಲ್ಲಿಲ್ಲ. ನಿಮಗೆ ಬೇಕಿರುವುದು ಜಿಯೋಕೋಡಿಂಗ್, ಅಂದರೆ ಪೂರ್ತಿ ವಿಳಾಸ ಕೊಟ್ಟರೆ ಜಾಗ ಹೇಳುವ ಸೇವೆ. ಮುಂದೆ ವೆಬ್‌ಸೈಟಿನಲ್ಲೂ ಬಾಟ್ ಇಟ್ಟರೆ ಆಗ ಆಟೋಕಂಪ್ಲೀಟ್ ನೋಡಿ, ಮೂರು ಅಕ್ಷರ ಆಗುವವರೆಗೆ ಕರೆ (ಸರ್ವಿಸ್‌ಗೆ ಕಳಿಸುವ ಪ್ರಶ್ನೆ) ಕಳಿಸಬೇಡಿ, ಒಂದು ಹುಡುಕಾಟದ ಕರೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿಯುವ ಸೆಷನ್ ಟೋಕನ್ ಬಳಸಿ.

ಜಿಯೋಕೋಡಿಂಗ್ ಕೊಟ್ಟ ಉತ್ತರವನ್ನು ಓದುವುದರಲ್ಲಿ ಎಲ್ಲ ಇದೆ. ಗೂಗಲ್ ಪ್ರತಿ ಉತ್ತರದ ಜೊತೆ ಅದು ಎಷ್ಟು ನಿಖರ ಅಂತಲೂ ಹೇಳುತ್ತದೆ. ‘ರೂಫ್‌ಟಾಪ್’ ಅಂದರೆ ಆ ಕಟ್ಟಡವೇ ಸಿಕ್ಕಿದೆ. ‘ಅಪ್ರಾಕ್ಸಿಮೇಟ್’ ಅಂದರೆ ಅಂದಾಜು. ನಮ್ಮ ಎಸ್ಟೇಟ್ ವಿಳಾಸ ಕೊಟ್ಟು ನೋಡಿ, ಹೆಚ್ಚಾಗಿ ಬರುವುದು ಅಂದಾಜೇ, ಅಂದರೆ ಊರಿನ ನಡುವೆ ಎಲ್ಲೋ ಒಂದು ಚುಕ್ಕಿ. ‘ಪಾರ್ಶಿಯಲ್ ಮ್ಯಾಚ್’ ಅಂತ ಒಂದು ಗುರುತು ಬಂದರೆ ನೀವು ಕೊಟ್ಟದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಅದಕ್ಕೆ ಅರ್ಥವಾಗಿದೆ ಅಂತ. ನನ್ನ ಹಳೆಯ ಬಾಟ್ ಇವೆರಡನ್ನೂ ನೋಡುತ್ತಲೇ ಇರಲಿಲ್ಲ. ಈಗ ನಿಯಮ ಸರಳ: ಅಂದಾಜು ಉತ್ತರ ಬಂದರೆ ಅದನ್ನು ಊರು ಖಚಿತ ಮಾಡಿಕೊಳ್ಳಲು ಮಾತ್ರ ಬಳಸುತ್ತೇನೆ, ಮನೆ ಅಂತ ಎಂದೂ ಬರೆದುಕೊಳ್ಳುವುದಿಲ್ಲ. ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಜಿಲ್ಲೆಯ ಹೆಸರಿನ ಜೊತೆ ಎಲ್ಲವನ್ನೂ ತೋರಿಸಿ ಗಿರಾಕಿಯನ್ನೇ ಕೇಳುತ್ತೇನೆ. ಕರೆ ಕಳಿಸುವಾಗಲೇ ದೇಶ ಭಾರತ, ಪಿನ್ ಇಂಥದ್ದು ಅಂತ ಕಟ್ಟಿಹಾಕಬಹುದು, ಹೆಸರುಗಳನ್ನು ಕನ್ನಡದಲ್ಲಿ ಕೊಡು ಅಂತಲೂ ಕೇಳಬಹುದು.

ನೀವೇ ಗಾಡಿಯಲ್ಲಿ ಕೊಡುವುದಾದರೆ ಎಲ್ಲಕ್ಕಿಂತ ಒಳ್ಳೆಯದು ಗಿರಾಕಿಯ ಹತ್ತಿರವೇ ಲೊಕೇಶನ್ ಕಳಿಸಲು ಹೇಳುವುದು. ಬಾಟ್‌ನಿಂದ ‘ಲೊಕೇಶನ್ ಕಳಿಸಿ’ ಅನ್ನುವ ಬಟನ್ ಕಳಿಸಬಹುದು, ವಾಟ್ಸಾಪ್ ಅದಕ್ಕೆ ಬೇರೆ ಬಗೆಯ ಮೆಸೇಜೇ ಇಟ್ಟಿದೆ. ಆದರೆ ಕೇಳುವ ಮೊದಲು ‘ನೀವು ಈಗ ಪಾರ್ಸಲ್ ತಲುಪಬೇಕಾದ ಮನೆಯಲ್ಲೇ ಇದ್ದೀರಾ?’ ಅಂತ ಕೇಳಿ. ಇಲ್ಲದಿದ್ದರೆ ಮೈಸೂರಿನ ಆಫೀಸಿನಲ್ಲಿ ಕೂತ ಮಗ ಊರಿನ ಅಪ್ಪನಿಗೆ ಆರ್ಡರ್ ಮಾಡಿ ತನ್ನ ಆಫೀಸಿನ ಲೊಕೇಶನ್ ಕಳಿಸುತ್ತಾನೆ. ಬಂದ ಅಂಕಿಗಳು ಸರಿ ಇವೆಯಾ ಅಂತ ಒಂದು ಸಲ ನೋಡಿ. ಮಡಿಕೇರಿ ಅಂದರೆ ಸುಮಾರು 12.42 ಅಕ್ಷಾಂಶ, 75.74 ರೇಖಾಂಶ. ಕೆಲವು ಸೇವೆಗಳು ಅಕ್ಷಾಂಶ ಮೊದಲು ಬರೆಯುತ್ತವೆ, ಕೆಲವು ರೇಖಾಂಶ ಮೊದಲು. ಅದಲುಬದಲಾದರೆ ನಿಮ್ಮ ಗಿರಾಕಿ ನಾರ್ವೆಯಿಂದಲೂ ಉತ್ತರಕ್ಕೆ ಸಮುದ್ರದ ಮೇಲೆ ಇರುತ್ತಾರೆ.

ಲೊಕೇಶನ್ ಸಿಕ್ಕಿದರೆ ಅದರಿಂದ ಡಿಜಿಪಿನ್ ಕೂಡ ಮಾಡಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಿಮೋಟ್ ಸೆನ್ಸಿಂಗ್ ಕೇಂದ್ರ ಎನ್‌ಆರ್‌ಎಸ್‌ಸಿ ಜೊತೆ ಸೇರಿ ತಂದದ್ದು ಇದು. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಲೆಕ್ಕ ಹಾಕುವ ಕೋಡ್ ಎಲ್ಲರಿಗೂ ತೆರೆದಿದೆ, ಇಂಟರ್‌ನೆಟ್ ಇಲ್ಲದೆಯೂ ಲೆಕ್ಕ ಆಗುತ್ತದೆ. ಮನೆ ನಂಬರೇ ಇಲ್ಲದ ನಮ್ಮ ಕಡೆಗೆ ಇದು ಹೇಳಿ ಮಾಡಿಸಿದ್ದು ಅಂತ ನನಗೆ ಅನ್ನಿಸುತ್ತದೆ. ಆದರೆ ಇದು ಪಿನ್‌ಗೆ ಬದಲಿ ಅಲ್ಲ, ಮತ್ತು ನಮ್ಮೂರಿಗೆ ಬರುವ ಕೊರಿಯರ್ ಹುಡುಗನಿಗೆ ತೋರಿಸಿದಾಗ ಅವನು ಅದನ್ನು ಆರ್ಡರ್ ನಂಬರ್ ಅಂದುಕೊಂಡ. ಲೇಬಲ್‌ನ ಮೂಲೆಯಲ್ಲಿ ಅಚ್ಚು ಮಾಡಿ ಇಡಿ, ಇದ್ದರೆ ನಷ್ಟ ಏನಿಲ್ಲ.

ದುಡ್ಡಿನ ವಿಷಯ. ನೀವು ಹೆದರುವಷ್ಟು ಇಲ್ಲ. ಗೂಗಲ್‌ನಲ್ಲಿ ತಿಂಗಳಿಗೆ ಸಾವಿರಾರು ಕರೆ ಉಚಿತ, ಪಿನ್ ಕೆಲಸ ನಿಮ್ಮ ಪಟ್ಟಿಯಲ್ಲೇ ಮುಗಿಯುವುದರಿಂದ ನಿಮಗೆ ಬೇಕಾಗುವುದು ಅದರಲ್ಲಿ ಸ್ವಲ್ಪ. ಹೆದರಬೇಕಾದದ್ದು ಎಪಿಐ ಕೀ, ಅಂದರೆ ಸೇವೆ ಬಳಸಲು ಗೂಗಲ್ ಕೊಡುವ ಗುಪ್ತ ಸಂಕೇತ, ಕಳೆದುಕೊಳ್ಳುವುದಕ್ಕೆ. ಅದು ಸರ್ವರ್‌ನಲ್ಲಿ ಮಾತ್ರ ಇರಲಿ, ವೆಬ್‌ಪುಟದ ಒಳಗೆ, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಲ್ಲಿ ಬೇಡ. ನಿಮ್ಮ ಸರ್ವರ್‌ನ ಐಪಿಗೆ (ಅದರ ಇಂಟರ್‌ನೆಟ್ ವಿಳಾಸಕ್ಕೆ) ಮಾತ್ರ ಕೆಲಸ ಮಾಡುವಂತೆ ಕಟ್ಟಿಹಾಕಿ. ಬಜೆಟ್ ಅಲರ್ಟ್ ಹಾಕಿದ್ದೇನೆ ಅಂತ ಸುಮ್ನೆ ಕೂರಬೇಡಿ, ಅದು ಮೇಲ್ ಕಳಿಸುತ್ತದೆ ಅಷ್ಟೇ, ಕರೆ ನಿಲ್ಲಿಸುವುದಿಲ್ಲ. ದಿನಕ್ಕೆ ಇಷ್ಟೇ ಕರೆ ಅಂತ ಕೋಟಾ ಹಾಕಿದರೆ ಮಾತ್ರ ನಿಲ್ಲುತ್ತದೆ. ಇನ್ನು ಗೂಗಲ್ ಕೊಟ್ಟ ಅಕ್ಷಾಂಶ ರೇಖಾಂಶವನ್ನು 30 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಜಾಗದ ಐಡಿ ಮಾತ್ರ ಇಟ್ಟುಕೊಳ್ಳಬಹುದು. ಗಿರಾಕಿ ತಾನೇ ಕಳಿಸಿದ ಲೊಕೇಶನ್‌ಗೆ ಈ ಶರತ್ತು ಇಲ್ಲ. ಅದಕ್ಕೂ ನಾನು ಲೊಕೇಶನ್ ಕೇಳುವುದನ್ನೇ ಇಷ್ಟಪಡುತ್ತೇನೆ.

ಉಚಿತ ಬೇಕು ಅಂದರೆ ಜನರೇ ಸೇರಿ ಮಾಡಿದ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಾಮಿನಾಟಿಮ್ ಅನ್ನುವ ಜಿಯೋಕೋಡಿಂಗ್ ಸೇವೆ ಇದೆ. ಅವರ ಸಾರ್ವಜನಿಕ ಸರ್ವರ್‌ಗೆ ಸೆಕೆಂಡಿಗೆ ಒಂದೇ ಕರೆ, ಆಟೋಕಂಪ್ಲೀಟ್‌ಗೆ ಬಳಸುವ ಹಾಗಿಲ್ಲ, ಅವರ ಹೆಸರು ಹಾಕಬೇಕು. ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ಸಾಕು. ಮ್ಯಾಪಲ್ಸ್, ಓಲಾ ಮ್ಯಾಪ್ಸ್‌ನಂಥ ದೇಶದ್ದೇ ಸೇವೆಗಳೂ ಇವೆ. ಯಾವುದನ್ನು ಆರಿಸುವ ಮೊದಲೂ ನಿಮ್ಮ ಇಪ್ಪತ್ತು ನಿಜವಾದ ವಿಳಾಸ ಹಾಕಿ ನೋಡಿ. ಬೆಂಗಳೂರಿನ ವಿಳಾಸಕ್ಕೆ ಎಲ್ಲವೂ ಚೆನ್ನಾಗಿಯೇ ಉತ್ತರಿಸುತ್ತವೆ, ಬ್ರಹ್ಮಗಿರಿ ತಪ್ಪಲಿನ ಊರು ಕೊಟ್ಟಾಗ ಬಣ್ಣ ಗೊತ್ತಾಗುತ್ತದೆ.

ಬಾಟ್ ಮಾತಾಡಲು ಚಾಟ್‌ಜಿಪಿಟಿಯಂಥ ಈಗಿನ ಭಾಷಾ ಮಾದರಿ ಏನಾದರೂ ಬಳಸಿದ್ದರೆ ಒಂದು ಮಾತು. ಗಿರಾಕಿ ಬರೆದ ಉದ್ದ ಮೆಸೇಜಿನಿಂದ ಹೆಸರು, ಊರು, ಪಿನ್ ಬಿಡಿಸಿಕೊಡಲು ಅವು ಒಳ್ಳೆಯವು. ಆದರೆ ಪಿನ್ ಇಲ್ಲದಿದ್ದರೆ ತಾವೇ ಒಂದು ಪಿನ್ ಹುಟ್ಟಿಸಿ, ಎಳ್ಳಷ್ಟೂ ಅನುಮಾನವಿಲ್ಲದೆ ಕೊಟ್ಟುಬಿಡುತ್ತವೆ. ಮಾದರಿ ಕೊಟ್ಟ ಪಿನ್ ಗಿರಾಕಿಯ ಮೆಸೇಜಿನಲ್ಲಿ ಇದೆಯಾ, ಇಲ್ಲವೇ ನಿಮ್ಮ ಪಟ್ಟಿಯಿಂದ ಬಂದದ್ದಾ ಅಂತ ಕೋಡ್ ನೋಡಲಿ. ಎರಡೂ ಅಲ್ಲದಿದ್ದರೆ ಎಸೆಯಲಿ.

ಮತ್ತೆ ನಮ್ಮ ನೆಟ್‌ವರ್ಕ್. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ಕರೆಂಟ್ ಹೋದರೆ ಟವರ್‌ ಕೂಡ ಹೋಗುತ್ತದೆ, ಗಿರಾಕಿ ಪಿನ್ ಬರೆದು ಕಳಿಸಿದ್ದು ಮೂರು ಗಂಟೆ ಆದ ಮೇಲೆ ಬರುತ್ತದೆ. ಬಾಟ್ ಅಷ್ಟರಲ್ಲಿ ಮರೆತು ಮೊದಲಿನಿಂದ ಶುರು ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ. ಎಲ್ಲಿಗೆ ನಿಂತಿತ್ತು ಅನ್ನುವುದನ್ನು ಡೇಟಾಬೇಸ್‌ನಲ್ಲಿ ಬರೆದಿಡಿ, ಒಂದು ದಿನವಾದರೂ. ಇನ್ನೊಂದು, ವಾಟ್ಸಾಪ್ ಮೆಸೇಜ್ ತಲುಪಿಸಿದಾಗ ನಿಮ್ಮ ಸರ್ವರ್ ಬೇಗ ‘ಬಂತು’ ಅನ್ನಬೇಕು, ಇಲ್ಲದಿದ್ದರೆ ಅದೇ ಮೆಸೇಜ್ ಮತ್ತೆ ಬರುತ್ತದೆ. ಮ್ಯಾಪ್‌ಗೆ ಕರೆ ಮಾಡಿ ಉತ್ತರಕ್ಕೆ ಕಾದು ಆಮೇಲೆ ‘ಬಂತು’ ಅಂದರೆ ಗಿರಾಕಿಗೆ ಒಂದೇ ಪ್ರಶ್ನೆ ಎರಡು ಸಲ ಹೋಗುತ್ತದೆ. ಮೊದಲು ‘ಬಂತು’ ಅನ್ನಿ, ಹುಡುಕುವುದನ್ನು ಹಿಂದೆ ಮಾಡಿ, ಮೆಸೇಜಿನ ಐಡಿ ಬರೆದಿಟ್ಟುಕೊಂಡು ಎರಡನೇ ಸಲ ಬಂದದ್ದನ್ನು ಬಿಡಿ. ಮ್ಯಾಪ್ ಮೂರು ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಕಾಯಬೇಡಿ, ಬರೆದದ್ದನ್ನು ಹಾಗೇ ಇಟ್ಟುಕೊಂಡು ‘ನಾವು ಫೋನ್ ಮಾಡಿ ಕೇಳುತ್ತೇವೆ’ ಅನ್ನಲಿ.

ವಿಳಾಸ, ಲೊಕೇಶನ್ ಎರಡೂ ಜನರ ಖಾಸಗಿ ವಿಷಯ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಮುಂದಿನ ಸಲಕ್ಕೆ ವಿಳಾಸ ಇಟ್ಟುಕೊಳ್ಳಲಾ ಅಂತ ಕೇಳಿ ಇಟ್ಟುಕೊಳ್ಳಿ, ಬೇಡ ಅಂದರೆ ಅಳಿಸಿ. ಇಟ್ಟುಕೊಂಡಿದ್ದರೆ ಮುಂದಿನ ಸಲ ‘ಹೋದ ಸಲದ ವಿಳಾಸಕ್ಕೇ ಕಳಿಸಲಾ?’ ಅಂತ ಒಂದೇ ಪ್ರಶ್ನೆ. ಹಳೆಯ ಗಿರಾಕಿಗಳಿಗೆ ಇದೊಂದೇ ಸಾಕು, ಮೇಲೆ ಹೇಳಿದ್ದು ಯಾವುದೂ ಅವರಿಗೆ ಕಾಣಿಸುವುದೇ ಇಲ್ಲ.

ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ವಾಪಸ್ ಬಂದ ಪಾರ್ಸಲ್‌ಗಳ ಲೇಬಲ್ ಇಟ್ಟುಕೊಂಡಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ತಮ್ಮನ ಮಗನ ಜೊತೆ ಕೂತು ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಎಷ್ಟರಲ್ಲಿ ಪಿನ್ ತಪ್ಪು, ಎಷ್ಟರಲ್ಲಿ ಊರು ತಪ್ಪು, ಎಷ್ಟರಲ್ಲಿ ವಿಳಾಸ ಪೂರ್ತಿ ಸರಿ ಇದ್ದು ಕೊರಿಯರ್‌ನವರು ‘ಪೇಟೆಗೆ ಬಂದು ತಗೊಳ್ಳಿ’ ಅಂದಿದ್ದಕ್ಕೆ ಯಾರೂ ಹೋಗದೆ ವಾಪಸ್ ಬಂದದ್ದು ಅಂತ ಬೇರೆ ಬೇರೆ ಮಾಡಿ. ಮೂರನೆಯ ಗುಂಪೇ ದೊಡ್ಡದಿದ್ದರೆ ಬಾಟ್ ಮುಟ್ಟಬೇಡಿ, ಆ ಊರುಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.